ಅಪ್ಪನ ನಿದ್ದೆ ಮತ್ತು ಸಣ್ಣ ಸೊಂಟದ ಗಿಟಾರು

ಈಗಿನ ಹುಡುಗರು ಸಣ್ಣ ಗಿಟಾರುಗಳ ಬಗ್ಗೆ ಮಾತಾಡುವುದನ್ನು ಕೇಳಿದರೆ ನನಗೆ ನಗು ತಡೆಯುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲೇ ಅಂಥವನೊಬ್ಬನಿದ್ದಾನೆ. ಗಡ್ಡ ಬಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು, "ಆಂಟಿ, ಇದು ವಿಂಟೇಜ್ ಸ್ಟೈಲು, ಸ್ಮಾಲ್ ಬಾಡಿ. ಬೆರಳಲ್ಲಿ ನುಡಿಸೋಕೆ ಇದರಷ್ಟು ವಾರ್ಮ್ ಟೋನ್ ಇನ್ನೊಂದಿಲ್ಲ" ಎಂದು ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳುವ ಮುಖ ಮಾಡಿ ಹೇಳುತ್ತಾನೆ. ಅದಕ್ಕೆ ಪಾರ್ಲರ್ ಗಿಟಾರ್ ಅಂತ ಹೆಸರಂತೆ. ನಮ್ಮ ಬನಶಂಕರಿಯಲ್ಲಿ ಪಾರ್ಲರ್ ಅಂದರೆ ಹುಬ್ಬು ತೀಡಿಸಿಕೊಳ್ಳುವ ಜಾಗ. ನಾನು ಹೂಂ ಹೂಂ ಅನ್ನುತ್ತೇನೆ. ನಾನೂ ಹದಿಹರೆಯದಲ್ಲಿ ಅಂಥದ್ದೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಎಂದು ಅವನಿಗೆ ಹೇಳಿಲ್ಲ. ಹೇಳಿದರೆ ಟೋನಿನ ಬಗ್ಗೆ ಪ್ರಶ್ನೆ ಕೇಳುತ್ತಾನೆ. ನಾನು ಅದನ್ನು ಟೋನಿಗಾಗಿ ನುಡಿಸಿದ್ದಲ್ಲ, ಅಪ್ಪನಿಗೆ ಎಚ್ಚರವಾಗಬಾರದು ಅಂತ ನುಡಿಸಿದ್ದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬನಶಂಕರಿ ಎರಡನೇ ಹಂತದಲ್ಲಿ ನಾವು ಬಾಡಿಗೆಗಿದ್ದೆವು. ಆಗ ಅಲ್ಲಿ ಮನೆಗಿಂತ ಸೈಟು ಹೆಚ್ಚು, ಸೈಟಿಗಿಂತ ಬಂಡೆ ಹೆಚ್ಚು. ಬಸ್ಸಿಳಿದು ನಡೆಯುವಾಗ ಕಾಲಿಗೆ ಜಲ್ಲಿಕಲ್ಲು, ತಲೆಗೆ ಬಿಸಿಲು. ನಮ್ಮದು ಒಂದು ಹಾಲು, ಒಂದು ರೂಮು, ಹಿಂದೆ ಅಡುಗೆಮನೆ. ಮಹಡಿ ಮೇಲೆ ಓನರ್ ದಂಪತಿ. ಅಪ್ಪ ಊರಿನ ಆ ತುದಿಯಲ್ಲಿದ್ದ ದೊಡ್ಡ ಕಾರ್ಖಾನೆಯಲ್ಲಿ ಮಿಷನ್ ಆಪರೇಟರ್. ಬೇರೆಯವರು ವಾರಕ್ಕೊಮ್ಮೆ ಶಿಫ್ಟು ಬದಲಿಸಿಕೊಂಡರೆ ಅಪ್ಪ ತಾವಾಗಿಯೇ ಕೇಳಿ ಯಾವಾಗಲೂ ನೈಟ್ ಶಿಫ್ಟೇ ಹಾಕಿಸಿಕೊಂಡಿದ್ದರು. ರಾತ್ರಿ ಹೊತ್ತು ಮೇಲಿನವರ ಕಾಟ ಇರುವುದಿಲ್ಲ ಅನ್ನುವುದು ಅವರು ಕೊಡುತ್ತಿದ್ದ ಕಾರಣ. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋದ ಮೇಲೆ ಮನೆಗೆ ಬಂದು, ಸ್ನಾನ ಮಾಡಿ, ತಿಂಡಿ ತಿಂದು, ಹಾಲಿನಲ್ಲಿ ಚಾಪೆ ಹಾಸಿ, ಮುಖದ ತುಂಬ ದುಪ್ಪಟಿ ಹೊದ್ದು ಮಲಗಿಬಿಡುತ್ತಿದ್ದರು. ಮತ್ತೆ ಏಳುತ್ತಿದ್ದುದು ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ.

ಅಪ್ಪನ ನಿದ್ದೆ ನಮ್ಮ ಮನೆದೇವರಾಗಿತ್ತು. ಬೇರೆ ದೇವರಿಗೆ ವರ್ಷಕ್ಕೊಂದು ಪೂಜೆ, ಇದಕ್ಕೆ ದಿನಾ. ಗೇಟಿನ ಚಿಲಕಕ್ಕೆ ಅಮ್ಮ ಹಳೆಯ ಸೀರೆಯ ಚೂರು ಸುತ್ತಿದ್ದಳು. ಕುಕ್ಕರಿಗೆ ವಿಷಲ್ ಹಾಕುವ ಹಾಗಿಲ್ಲ, ಒಗ್ಗರಣೆ ಚಟಪಟ ಅನ್ನುವಷ್ಟರಲ್ಲಿ ಮೇಲೆ ತಟ್ಟೆ ಮುಚ್ಚಬೇಕು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಟ್ಟೆ ಕುಕ್ಕುವಂತಿಲ್ಲ, ಉಜ್ಜಬೇಕು. ಹೊರಗೆ ಊರಿಗೆಲ್ಲ ಕೇಳಿಸುವ ಹಾಗೆ "ಸೊಪ್ಪೋ..." ಎಂದು ಕೂಗುತ್ತಿದ್ದ ಅಜ್ಜಿ ಕೂಡ ನಮ್ಮ ಗೇಟಿನ ಹತ್ತಿರ ಬಂದಾಗ ದನಿ ತಗ್ಗಿಸಿ, "ಎದ್ದವ್ರಾ?" ಎಂದು ಕೈಸನ್ನೆ ಮಾಡಿ ಕೇಳುತ್ತಿತ್ತು. ಆ ಬೀದಿಯಲ್ಲಿ ಕಾರ್ಖಾನೆಯವರ ಮನೆಗಳೇ ಹೆಚ್ಚು. ಯಾರ ಮನೆಯಲ್ಲಿ ಈ ವಾರ ನೈಟ್ ಶಿಫ್ಟು ಅನ್ನುವುದು ಎಲ್ಲರಿಗೂ ಗೊತ್ತಿರುತ್ತಿತ್ತು. ಕ್ರಿಕೆಟ್ ಆಡುವ ಹುಡುಗರು ಸಹ ಅದನ್ನು ನೋಡಿಕೊಂಡೇ ವಿಕೆಟ್ ನೆಡುತ್ತಿದ್ದರು. ನಮ್ಮ ಮನೆ ಮುಂದೆ ಅವರು ಒಂದು ದಿನವೂ ಆಡಲಿಲ್ಲ, ಪಾಪ.

ಆ ವರ್ಷ ನಾನು ಪಿಯುಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಜೊತೆಯವರೆಲ್ಲ ಜಯನಗರದ ಕಾಲೇಜುಗಳಿಗೆ ಹೊಸ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದಾಗ ನಾನು ಸಪ್ಲಿಮೆಂಟರಿ ಪರೀಕ್ಷೆ ಎಂಬ ಹೆಸರಿನಲ್ಲಿ ಅಕ್ಕಿ ಆರಿಸುತ್ತಿದ್ದೆ. ಫೇಲಾದ ಹುಡುಗಿಗೆ ಮನೆಯಲ್ಲಿ ಎಷ್ಟು ಮರ್ಯಾದೆ ಅನ್ನುವುದು ಫೇಲಾದವರಿಗೇ ಗೊತ್ತು. ಬಂದವರೆಲ್ಲ "ಏನ್ ಮಾಡ್ತಿದಾಳೆ?" ಎಂದು ನನ್ನ ಎದುರೇ ಅಮ್ಮನನ್ನು ಕೇಳುತ್ತಿದ್ದರು. ನಾನು ಕಂಬವೋ ಗೋಡೆಯೋ ಅನ್ನುವ ಹಾಗೆ.

ಗಿಟಾರು ಮನೆಗೆ ಬಂದದ್ದು ಅಮ್ಮನ ತಮ್ಮನ ದೆಸೆಯಿಂದ. ನನ್ನ ಆ ಸೋದರಮಾವ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ಬಾರಿಸುತ್ತಿದ್ದ. ಕಿವಿ ಕಾಣದ ಹಾಗೆ ಕೂದಲು, ದವಡೆಯವರೆಗೆ ಕೃದಾ, ನೆಲ ಗುಡಿಸುವ ಬೆಲ್‌ಬಾಟಮ್. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ಆರತಕ್ಷತೆ, ಎಲ್ಲಿ ಸ್ಟೇಜು ಕಟ್ಟಿದರೂ ಅಲ್ಲಿ ಹಿಂದಿನ ಸಾಲಿನಲ್ಲಿ ಇವನು. ಮುಂದಿನ ಸಾಲಿಗೆ ಬಿಟ್ಟರೆ ಡ್ರಮ್ಮಿನವನೂ ಮುಚ್ಚಿಹೋಗುವಷ್ಟು ದೊಡ್ಡ ಗಿಟಾರು ಇವನದು. ಮಳೆಗಾಲದ ಒಂದು ದಿನ ಬೆಳಿಗ್ಗೆ ಎರಡು ಗಿಟಾರು ಹೊತ್ತುಕೊಂಡು ನಮ್ಮ ಮನೆಗೆ ಬಂದ. ಒಂದು ಹೊಸದು, ಹೊಟ್ಟೆ ಡುಬ್ಬು, ಮಿರಿಮಿರಿ ಮಿಂಚುವ ಪಾಲಿಶು. ಇನ್ನೊಂದು ಹಳೆಯದು, ಪುಟ್ಟದು. ಕಂಟೋನ್ಮೆಂಟಿನಲ್ಲಿ ಯಾರೋ ವಯಸ್ಸಾದ ಆಂಟಿ ಮನೆ ಖಾಲಿ ಮಾಡುವಾಗ ಸಾಮಾನು ಸಾಗಿಸಲು ಇವನು ಕೈಕೊಟ್ಟಿದ್ದಕ್ಕೆ ಆಕೆ ಇದನ್ನು ಇವನ ಕೈಗಿಟ್ಟು ಹರಸಿ ಕಳಿಸಿದ್ದರಂತೆ.

"ನೋಡಕ್ಕ, ಹೊಸದು ಹೆಂಗಿದೆ ಅಂತ" ಎಂದು ಅಮ್ಮನಿಗೆ ತೋರಿಸಲು ಹೋದವನು ಸುಮ್ಮನೆ ತೋರಿಸಬಾರದೇ? ಪ್ಲಾಸ್ಟಿಕ್ ಬಿಲ್ಲೆ ಹಿಡಿದು ಆರೂ ತಂತಿಯನ್ನು ಮೇಲಿಂದ ಕೆಳಕ್ಕೆ ಒಂದೇ ಸಲ ಜಾಂಯ್ ಎಂದು ಎಳೆದುಬಿಟ್ಟ. ಹಾಲಿನಲ್ಲಿ ದುಪ್ಪಟಿ ಹಾರಿತು. ಮೇಲೆ ಓನರ್ ಕೆಮ್ಮಿದರು. ಅಮ್ಮ ಸೌಟು ಹಿಡಿದವಳು ಹಿಡಿದ ಹಾಗೇ ನಿಂತಳು.

ಅಪ್ಪ ಬನಿಯನ್ನಿನಲ್ಲಿ, ಕೆಂಪು ಕಣ್ಣಿನಲ್ಲಿ, ಲುಂಗಿ ಬಿಗಿ ಮಾಡಿಕೊಳ್ಳುತ್ತ ಅಡುಗೆಮನೆ ಬಾಗಿಲಿಗೆ ಬಂದರು. ಬೈಯುವವರಲ್ಲ ಅವರು. ಬೈದಿದ್ದರೆ ಮಾವ ಬದುಕಿಕೊಳ್ಳುತ್ತಿದ್ದ.

"ಊಟ ಮಾಡ್ಕೊಂಡು ಹೋಗಪ್ಪ" ಅಂದರು ತಣ್ಣಗೆ. "ಇನ್ನೊಂದ್ಸಲ ಬಂದಾಗ ಇದನ್ನ ಗೇಟಿನ ಹೊರಗೇ ಬಿಟ್ಟು ಬಾ. ಚಪ್ಪಲಿ ಬಿಡಲ್ವಾ, ಹಂಗೆ."

"ಇಲ್ಲ ಭಾವ, ಗೊತ್ತಾಗ್ಲಿಲ್ಲ ಭಾವ" ಅನ್ನುತ್ತಲೇ ಮಾವ ಊಟವನ್ನೂ ಬಿಟ್ಟು, ದೊಡ್ಡ ಗಿಟಾರನ್ನು ಎದೆಗವಚಿಕೊಂಡು ಓಡಿದ. ಆ ಗಡಿಬಿಡಿಯಲ್ಲಿ ಚಿಕ್ಕದು ಅಕ್ಕಿ ಡ್ರಮ್ಮಿಗೆ ಒರಗಿಕೊಂಡು ನಮ್ಮ ಮನೆಯಲ್ಲೇ ಉಳಿಯಿತು. ಅಮ್ಮ ಅದನ್ನು ಅಟ್ಟಕ್ಕೆ ಸೇರಿಸಲು ನನ್ನ ಕೈಗೆ ಕೊಟ್ಟಳು. ನಾನು ಅಟ್ಟಕ್ಕೆ ಸೇರಿಸಲಿಲ್ಲ.

ಅದು ನೋಡಲಿಕ್ಕೆ ಏನೂ ಇರಲಿಲ್ಲ, ನಿಜ ಹೇಳುತ್ತೇನೆ. ಜೇನಿನ ಬಣ್ಣದ ಮರ ಅಲ್ಲಲ್ಲಿ ಮಾಸಿ, ಬೆರಳು ಓಡಾಡಿದ ಕಡೆ ಬಿಳಿಚಿಕೊಂಡಿತ್ತು. ಒಳಗೆ ಅಂಟಿಸಿದ್ದ ಚೀಟಿಯನ್ನು ಗೆದ್ದಲು ತಿಂದು, ಯಾರು ಮಾಡಿದ್ದು ಎಲ್ಲಿ ಮಾಡಿದ್ದು ಅಂತ ಓದಲಿಕ್ಕಾಗುತ್ತಿರಲಿಲ್ಲ. ಸೊಂಟ ಸಣ್ಣ, ಹೆಗಲು ಇಳಿಬಿದ್ದದ್ದು. ಆದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತೊಡೆಯ ಮೇಲಿಟ್ಟುಕೊಂಡಾಗ ಅದು ಅಲ್ಲಾಡದೆ ಕೂತಿತು. ಕೈ ಚಾಚಬೇಕಾಗಿಲ್ಲ, ಕಂಕುಳು ಎತ್ತಬೇಕಾಗಿಲ್ಲ. ಗದ್ದವನ್ನು ಅದರ ಹೆಗಲ ಮೇಲೆ ಊರಿದರೆ ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬರುತ್ತಿತ್ತು. ಕೆಳಗಿನ ತಂತಿ ಒಂದನ್ನು ಬೆರಳಿನಿಂದ ಮೆಲ್ಲಗೆ ಎಳೆದು ಬಿಟ್ಟೆ. ನನಗೆ ಕೇಳಿಸಿತು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳಿಸಲಿಲ್ಲ. ಈ ಮನೆಯಲ್ಲಿ ನನ್ನದು ಅಂತ ಒಂದು ಸದ್ದು ಇರಬಹುದು ಅಂತ ಅವತ್ತು ಮೊದಲ ಸಲ ಅನ್ನಿಸಿ, ಏನೋ ಖುಷಿಯಾಯಿತು.

ಖುಷಿ ಸಂಜೆಯವರೆಗೂ ಬಾಳಲಿಲ್ಲ. ಅಪ್ಪ ಎದ್ದು ಕಾಫಿ ಕುಡಿಯುವಾಗ ರೂಮಿನ ಮೂಲೆಯಲ್ಲಿದ್ದ ಗಿಟಾರನ್ನು ನೋಡಿದರು. ಫೇಲಾದವಳ ಕೈಗೆ ವಾದ್ಯ ಬೇರೆ ಬೇಕೇ ಎಂದು ಕೇಳಲಿಲ್ಲ. ಅದನ್ನು ಅವರ ಮುಖವೇ ಕೇಳಿತು.

"ನಾನು ಎದ್ದಿರೋವಾಗ ನಿನ್ನ ಕೈಯಲ್ಲಿ ಗಣಿತದ ಪುಸ್ತಕ ಇರಬೇಕು" ಅಂದರು.

"ಹೂಂ ಅಪ್ಪ."

"ನಾನು ಮಲಗಿರೋವಾಗ ಸದ್ದು ಇರಬಾರದು."

"ಹೂಂ."

"ಇದರ ದೆಸೆಯಿಂದ ಒಂದು ದಿನ ನನಗೆ ಎಚ್ಚರ ಆಯ್ತು ಅನ್ಕೋ. ಅವತ್ತೇ ಗುಜರಿಯವನ ಪಾಲು. ಆಮೇಲೆ ಅತ್ತೂ ಪ್ರಯೋಜನ ಇಲ್ಲ, ನಿಮ್ಮಮ್ಮನ ಕೈಲಿ ಹೇಳಿಸೀನೂ ಪ್ರಯೋಜನ ಇಲ್ಲ."

ಅಪ್ಪನ ಮಾತು ಅಂದರೆ ಮಾತು. ನನ್ನ ಸೈಕಲ್ಲು ಹೀಗೇ ಒಂದು ಮಾತಿನ ಮೇಲೆ ಚಿಕ್ಕಪ್ಪನ ಮನೆ ಸೇರಿತ್ತು. ರಾತ್ರಿ ಅಪ್ಪ ಕೆಲಸಕ್ಕೆ ಹೋದ ಮೇಲೆ ನುಡಿಸೋಣ ಅಂದರೆ ಮೇಲಿನ ಓನರ್ ರಾತ್ರಿ ನಲ್ಲಿ ತಿರುಗಿಸಿದರೂ ಕೆಮ್ಮುವ ಜಾತಿ. ಅಪ್ಪ ಎದ್ದಿದ್ದರೆ ಗಣಿತ, ಅಪ್ಪ ಇಲ್ಲದಿದ್ದರೆ ಓನರ್. ಉಳಿದದ್ದು ಒಂದೇ ದಾರಿ. ಅಪ್ಪ ಮಲಗಿರುವಾಗ, ಅಪ್ಪನಿಗೆ ಎಚ್ಚರವಾಗದ ಹಾಗೆ ನುಡಿಸಬೇಕು.

ಈ ಕೆಲಸಕ್ಕೆ ಅಂತಲೇ ಹೇಳಿ ಮಾಡಿಸಿದ್ದೇನೋ ಅನ್ನುವ ಹಾಗಿತ್ತು ಆ ಗಿಟಾರು. ಮಾವನ ಥರ ಬಿಲ್ಲೆ ಹಿಡಿದು ಕೆರೆದರೆ ಅದು ಬರೀ ಕೆಮ್ಮುತ್ತಿತ್ತು. ಜೋರು ಮಾಡಿದಷ್ಟೂ ಮುನಿಸಿಕೊಳ್ಳುತ್ತಿತ್ತು. ಒಂದೊಂದೇ ತಂತಿಯನ್ನು ಬೆರಳ ತುದಿಯಿಂದ ಎಳೆದರೆ ಮಾತ್ರ ಬಾಯಿ ಬಿಡುತ್ತಿತ್ತು. ಅದರ ಕತ್ತು ಈಗಿನವುಗಳಿಗಿಂತ ಅಗಲ. ತಂತಿ ತಂತಿಯ ನಡುವೆ ನನ್ನ ಅವರೆಕಾಯಿ ಸುಲಿಯುವ ಬೆರಳಿಗೂ ಜಾಗ ಇತ್ತು. ಗಡ್ಡದ ಹುಡುಗ ಈಗ ಅದನ್ನೇ ಕಣ್ಣು ಮುಚ್ಚಿಕೊಂಡು ಹೊಗಳುವುದು. ನಾನು ಹೊಗಳಲಿಲ್ಲ, ಉಪಯೋಗಿಸಿಕೊಂಡೆ.

ಮಾವ ಒಂದು ಮಧ್ಯಾಹ್ನ ಕೈಬೀಸಿಕೊಂಡು ಬಂದಾಗ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು ನನಗೆ ಹೇಳಿಕೊಟ್ಟದ್ದು ಇಷ್ಟೇ: ಹೆಬ್ಬೆರಳು ದಪ್ಪ ತಂತಿಗಳಿಗೆ, ಉಳಿದ ಬೆರಳು ತೆಳು ತಂತಿಗಳಿಗೆ. ಹೆಬ್ಬೆರಳು ಒಂದೇ ಸಮ ಹೋಗುತ್ತಿರಬೇಕು, ಬೇರೆ ಬೆರಳು ಅದರ ಮೇಲೆ ಹಾಡು ಹೇಳಬೇಕು. ಅವನಿಗೇ ಅದು ಬರುತ್ತಿರಲಿಲ್ಲ. "ಇದೆಲ್ಲ ಕೂತ್ಕೊಂಡು ಮಾಡೋ ಕೆಲಸ ಕಣೆ. ಸ್ಟೇಜ್ ಮೇಲೆ ಯಾರಿಗೆ ಕೇಳ್ಸುತ್ತೆ?" ಅಂದ. ನಾನು ಎಷ್ಟೋ ಬೆಳಿಗ್ಗೆ ಒದ್ದಾಡಿದೆ. ಹೆಬ್ಬೆರಳು ಸರಿ ಹೋದರೆ ಬೆರಳು ನಿಲ್ಲುತ್ತಿತ್ತು, ಬೆರಳು ಹೊರಟರೆ ಹೆಬ್ಬೆರಳು ಅದರ ಹಿಂದೆಯೇ ಓಡುತ್ತಿತ್ತು. ಕೊನೆಗೆ ದಾರಿ ಸಿಕ್ಕಿದ್ದು ಇಡ್ಲಿಗೆ ರುಬ್ಬುವಾಗ. ಒಂದು ಕೈ ಗುಂಡನ್ನು ತಿರುಗಿಸುತ್ತಲೇ ಇರುತ್ತದೆ, ಇನ್ನೊಂದು ಕೈ ಮಧ್ಯೆ ಮಧ್ಯೆ ಹಿಟ್ಟು ತಳ್ಳುತ್ತದೆ. ತಿರುಗಿಸುವ ಕೈ ತಳ್ಳುವ ಕೈಯನ್ನು ಏನೂ ಕೇಳುವುದಿಲ್ಲ. ಹೆಬ್ಬೆರಳಿಗೆ ಅದನ್ನೇ ಹೇಳಿಕೊಟ್ಟೆ. ಅದು ಅರ್ಥ ಮಾಡಿಕೊಂಡಿತು. ಗಣಿತ ಮೇಷ್ಟರಿಗೆ ರುಬ್ಬುಗಲ್ಲಿನ ಪರಿಚಯ ಇದ್ದಿದ್ದರೆ ನಾನು ಆ ವರ್ಷವೇ ಪಾಸಾಗುತ್ತಿದ್ದೆನೇನೋ.

ಮಾವ ನನ್ನನ್ನು ಗಿಟಾರಿನ ದೊಡ್ಡ ಜಗತ್ತಿಗೆ ಪರಿಚಯಿಸಲು ಒಂದು ಸಲ ತ್ಯಾಗರಾಜನಗರದ ಗಣೇಶನ ಪೆಂಡಾಲಿಗೆ ಕರೆದುಕೊಂಡು ಹೋದ. ಹಗಲು ಹೊತ್ತು, ರಿಹರ್ಸಲ್ಲು. ಅವನ ಡುಬ್ಬು ಹೊಟ್ಟೆಯ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟ. ಅದರ ಅಂಚು ಪಕ್ಕೆಗೆ ಒತ್ತಿ, ತೋಳು ಅದರ ಮೇಲಿಂದ ಹಾದು ತಂತಿ ಮುಟ್ಟುವಷ್ಟರಲ್ಲಿ ಭುಜ ಕಿವಿಗೆ ಬಂದಿತ್ತು. ಮಜ್ಜಿಗೆ ಮಾರುವವಳ ದೊಡ್ಡ ಗಡಿಗೆಯನ್ನು ತಬ್ಬಿಕೊಂಡು ಕೂತಂತೆ. ಸದ್ದೇನೋ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಆ ಸದ್ದು ಎದುರಿನ ಮನೆಯವರಿಗೆ ಸೇರಿದ್ದು, ನನಗೆ ಸೇರಿದ್ದಲ್ಲ.

"ಹೆಂಗಿದೆ ವಾಲ್ಯೂಮು? ಸಖತ್ ಅಲ್ವಾ?" ಅಂದ ಮಾವ.

"ಸಖತ್ತಾಗಿದೆ ಮಾವ. ನಮ್ಮಪ್ಪ ಬನಶಂಕರಿಯಲ್ಲಿ ಎದ್ದು ಕೂತಿರ್ತಾರೆ."

"ಅದನ್ನ ಹಿಡ್ಕೊಂಡು ಕೂತ್ರೆ ನೀನು ಯಾವತ್ತೂ ಜೋರಾಗಿ ಬಾರ್ಸಕ್ಕಾಗಲ್ಲ, ತಿಳ್ಕೋ."

"ಜೋರಾಗಿ ಬಾರ್ಸಕ್ಕಾಗಲ್ಲ ಅಂತಾನೇ ಇಟ್ಕೊಂಡಿರೋದು."

ಅವನು ನನ್ನನ್ನು ಕೈಬಿಟ್ಟ. ಅವತ್ತು ಸಂಜೆಯ ಕಾರ್ಯಕ್ರಮದಲ್ಲಿ ಡ್ರಮ್ಮಿನ ಸದ್ದು, ಮೈಕಿನ ಕಿರುಚು, ಹಾಡುವವನ ಉಸಿರು ಎಲ್ಲ ಕೇಳಿಸಿತಂತೆ. ಮಾವನ ಗಿಟಾರು ಮಾತ್ರ ಯಾರಿಗೂ ಕೇಳಿಸಲಿಲ್ಲವಂತೆ. ಅಮ್ಮ ಇದನ್ನು ಹೇಳಿ ಹೇಳಿ ನಗುತ್ತಿದ್ದಳು, ತಮ್ಮನ ಮೇಲೆ ಅಷ್ಟು ಪ್ರೀತಿ.

ಅಮ್ಮನ ತಕರಾರು ಸದ್ದಿನ ಬಗ್ಗೆ ಇರಲಿಲ್ಲ, ಉಗುರಿನ ಬಗ್ಗೆ ಇತ್ತು. ಬೆರಳಿನಿಂದ ನುಡಿಸಬೇಕಾದರೆ ಬಲಗೈಯಲ್ಲಿ ಸ್ವಲ್ಪ ಉಗುರು ಬಿಡಬೇಕು, ಎಡಗೈಯಲ್ಲಿ ಪೂರ್ತಿ ಕತ್ತರಿಸಬೇಕು. ಮುದ್ದೆ ತಿನ್ನುವ ಮನೆಯಲ್ಲಿ ಬಲಗೈಗೆ ಉಗುರು ಅಂದರೆ ಏನಾಗುತ್ತದೆ ಯೋಚಿಸಿ. ಬಿಸಿ ಮುದ್ದೆ ಮುರಿದಾಗಲೆಲ್ಲ ರಾಗಿ ಉಗುರಿನ ಸಂದಿಗೆ ಹೋಗಿ ಕೂತು, ಆಮೇಲೆ ಸೊಪ್ಪಿನ ಸಾರಿನ ಅರಿಶಿನ ಅದಕ್ಕೆ ಬಣ್ಣ ಹಾಕುತ್ತಿತ್ತು. "ಒಂದು ಕೈ ರಾಕ್ಷಸೀದು, ಒಂದು ಕೈ ಹೆಣ್ಣುಮಗಳದ್ದು. ನೋಡಿದವರು ಏನಂದ್ಕೋತಾರೆ?" ಅನ್ನುತ್ತಿದ್ದಳು. ಕತ್ತರಿಸು ಎಂದು ಅವಳು ಹಠ ಹಿಡಿದ ದಿನ ನಾನು ಮಂಗಳವಾರ ಅನ್ನುತ್ತಿದ್ದೆ, ಇಲ್ಲ ಶುಕ್ರವಾರ ಅನ್ನುತ್ತಿದ್ದೆ, ಇಲ್ಲ ಹೊತ್ತು ಮುಳುಗಿತು ಅನ್ನುತ್ತಿದ್ದೆ. ಅವಳದೇ ಶಾಸ್ತ್ರ, ಅವಳಿಗೇ ತಿರುಮಂತ್ರ. ಶಾಸ್ತ್ರಗಳಿಂದ ನನಗೆ ಜೀವನದಲ್ಲಿ ಆದ ಲಾಭ ಅದೊಂದೇ.

ಹೀಗೆ ಬೆಳಿಗ್ಗೆಗಳು ಹೋದವು. ಅಪ್ಪ ದುಪ್ಪಟಿ ಎಳೆದುಕೊಂಡು ಗೊರಕೆ ಶುರು ಮಾಡುವುದನ್ನೇ ಕಾಯುತ್ತಿದ್ದೆ. ಅದು ಒಂದು ಹದಕ್ಕೆ ಬಂದ ಮೇಲೆ ರೂಮಿನಲ್ಲಿ ಗೋಡೆಗೊರಗಿ ಕೂತು ಗಿಟಾರು ಎತ್ತಿಕೊಳ್ಳುತ್ತಿದ್ದೆ. ರೂಮಿಗೂ ಹಾಲಿಗೂ ನಡುವೆ ಇದ್ದದ್ದು ಬಾಗಿಲಲ್ಲ, ಅಮ್ಮನ ಹಳೆಯ ಸೀರೆಯ ಪರದೆ. ತಾಳ ಹಾಕಲು ನನಗೆ ಬೇರೆ ಯಾರೂ ಬೇಕಿರಲಿಲ್ಲ, ಅಪ್ಪನ ಗೊರಕೆ ಇತ್ತು. ರೇಡಿಯೋದಲ್ಲಿ ಕೇಳಿದ ಹಾಡು, ಅಮ್ಮ ಗುನುಗುತ್ತಿದ್ದ ದೇವರನಾಮ, ಕೋಲಾಟದ ಪದ, ಎಲ್ಲವನ್ನೂ ಆರು ತಂತಿಯ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಹುಡುಕಿಕೊಂಡೆ. ಒಮ್ಮೊಮ್ಮೆ ಗೊರಕೆ ನಿಂತುಬಿಡುತ್ತಿತ್ತು. ಆಗ ಅಂಗೈಯಿಂದ ತಂತಿಗಳನ್ನು ಅದುಮಿ, ಉಸಿರು ಹಿಡಿದು, ಗುಜರಿಯವನ ಗಾಡಿಯಲ್ಲಿ ಹಳೆಯ ಡಬ್ಬಗಳ ನಡುವೆ ನನ್ನ ಗಿಟಾರು ಕಾಲು ಮೇಲೆ ಮಾಡಿ ಹೋಗುವುದನ್ನು ಕಣ್ಣಾರೆ ಕಾಣುತ್ತಿದ್ದೆ. ಪರದೆಯ ಆಚೆ ಅಪ್ಪ ಮಗ್ಗುಲು ಬದಲಿಸುವ ಸದ್ದು, ಒಂದು ನಿಟ್ಟುಸಿರು. ಮತ್ತೆ ಗೊರಕೆ ಶುರುವಾಗುವವರೆಗೆ ನನ್ನ ಜೀವ ಕೈಯಲ್ಲಿ. ಸಪ್ಲಿಮೆಂಟರಿಯ ಹಿಂದಿನ ದಿನವೂ ನಾನು ಅಷ್ಟು ಹೆದರಲಿಲ್ಲ.

ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಿದ್ದ ದಿನಗಳಲ್ಲಿ ಅಪ್ಪನ ಅಕ್ಕ ಊರಿಂದ ಬಂದರು. ನನ್ನ ಈ ಸೋದರತ್ತೆ ಚನ್ನಪಟ್ಟಣದ ಕಡೆಯವರು, ಕಣ್ಣಿನಲ್ಲಿ ಪೊರೆ ಬಂದಿದೆ ಎಂದು ಡಾಕ್ಟರಿಗೆ ತೋರಿಸಿಕೊಳ್ಳಲು ಬಂದದ್ದು. ಪೊರೆ ಬಂದಿದ್ದು ಕಣ್ಣಿಗೆ, ಕಿವಿಗೆ ಏನೂ ಆಗಿರಲಿಲ್ಲ. ಅದೂ ಎಂಥ ಕಿವಿ! ಅಡುಗೆಮನೆಯಲ್ಲಿ ಸಕ್ಕರೆ ಡಬ್ಬದ ಮುಚ್ಚಳ ತೆಗೆದರೆ ಹಿತ್ತಿಲಿನಿಂದ "ಯಾರೇ ಅದು ಸಕ್ಕರೆ?" ಅನ್ನುವವರು. ಬೆಳಗಿನ ಬಸ್ಸಿಗೇ ಬಂದಿಳಿದು, ಹುಣಸೆಹಣ್ಣಿನ ಗಂಟನ್ನು ಅಡುಗೆಮನೆಯಲ್ಲಿಟ್ಟು, ಅಮ್ಮ ನೀರು ತರಲು ಹೊರಗಿನ ನಲ್ಲಿಗೆ ಹೋಗಿದ್ದಾಗ ಮನೆಯನ್ನೆಲ್ಲ ಒಂದು ಸುತ್ತು ಹಾಕಿದರು. ಅಪ್ಪ ಆಗಲೇ ಮಲಗಿದ್ದರು. ನಾನು ಅತ್ತೆ ಬಂದದ್ದನ್ನು ನೋಡಿ ನಮಸ್ಕಾರ ಮಾಡಿ, ಕಾಫಿ ಕೊಟ್ಟು, ಇನ್ನು ಕೆಲಸ ಮುಗಿಯಿತು ಎಂದು ರೂಮಿಗೆ ಹೋಗಿ ಗಿಟಾರು ಎತ್ತಿಕೊಂಡಿದ್ದೆ. ಹೆಬ್ಬೆರಳು ಆಗಷ್ಟೇ ತನ್ನ ಪಾಡಿಗೆ ತಾನು ತಿರುಗಲು ಹತ್ತಿತ್ತು.

ಪರದೆ ಸರಕ್ಕನೆ ಸರಿಯಿತು.

"ಏಯ್, ಏನೇ ಅದು?"

"ಗಿಟಾರು ಅತ್ತೆ."

"ನಿಲ್ಸೇ ಅದನ್ನ! ರಾತ್ರಿಯೆಲ್ಲ ದುಡಿದು ಬಂದು ನಿಮ್ಮಪ್ಪ ಮಲಗವ್ನೆ, ನೀನು ಇಲ್ಲಿ ಕುಯ್ಯೋ ಅನ್ನಿಸ್ತಾ ಕೂತಿದ್ದೀಯ? ಬುದ್ಧಿ ಬ್ಯಾಡ್ವಾ?"

ಅವರು ಮಾತಾಡಿದ್ದು ಪಿಸುದನಿಯಲ್ಲೇ. ಅದನ್ನು ಒಪ್ಪಬೇಕು. ನಾನು ತಂತಿಗಳ ಮೇಲೆ ಅಂಗೈ ಇಟ್ಟೆ. ಮನೆ ತಣ್ಣಗಾಯಿತು. ಅಷ್ಟರಲ್ಲಿ ಬೀದಿಯ ಆ ಕೊನೆಯಿಂದ "ಹಳೇ ಪೇಪರ್, ಕಬ್ಬಿಣಾ, ಖಾಲಿ ಬಾಟ್ಲೀ" ಎಂಬ ಕೂಗು. ಬೇರೆ ದಿನವಾಗಿದ್ದರೆ ಅವನು ನಮ್ಮ ಗೇಟು ದಾಟುವಾಗ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದ. ಅವತ್ತು ಅತ್ತೆಯೇ ಗೇಟಿಗೆ ಹೋಗಿ ಕೈ ಬೀಸಿ ಕರೆದು ನಿಲ್ಲಿಸಿದರು. ಅಪ್ಪನ ಕಟ್ಟಳೆಯನ್ನು ಅಮ್ಮ ನಲ್ಲಿಗೆ ಹೋಗುವ ಮೊದಲೇ ಅವರಿಗೆ ಹೇಳಿದ್ದಳೋ, ಇಲ್ಲ ತಾವಾಗಿಯೇ ಆ ತೀರ್ಮಾನಕ್ಕೆ ಬಂದರೋ ಗೊತ್ತಿಲ್ಲ. ಅಕ್ಕ ತಮ್ಮ ಇಬ್ಬರದೂ ಒಂದೇ ಅಚ್ಚು.

ಹಾಲಿನಲ್ಲಿ ಗೊರಕೆ ಇರಲಿಲ್ಲ. ದುಪ್ಪಟಿ ಸರಿಯುವ ಸದ್ದು ಬಂತು, ಚಾಪೆ ಕರಕರ ಎಂದಿತು. ಪರದೆ ಇನ್ನೊಂದು ಸಲ ಸರಿದು ಅಪ್ಪ ನಿಂತರು. ಅದೇ ಬನಿಯನ್ನು, ಅದೇ ಕೆಂಪು ಕಣ್ಣು. ನನ್ನ ತೊಡೆಯ ಮೇಲೆ ಗಿಟಾರು. ಬಚ್ಚಿಡಲು ಹೊತ್ತಿರಲಿಲ್ಲ, ಬಚ್ಚಿಟ್ಟು ಪ್ರಯೋಜನವೂ ಇರಲಿಲ್ಲ. ನಾನು ಅದರ ಕತ್ತು ಗಟ್ಟಿಯಾಗಿ ಹಿಡಿದುಕೊಂಡೆ. ಕೊಡುವುದಿಲ್ಲ ಅನ್ನುವ ಧೈರ್ಯವಲ್ಲ ಅದು. ಕೊಡಬೇಕಲ್ಲ ಅನ್ನುವ ಸಂಕಟ.

"ನೋಡು, ಎದ್ದ!" ಅಂದರು ಅತ್ತೆ, ಗೇಟಿನಿಂದ ಒಳಗೆ ಬರುತ್ತ. ಈಗ ಪಿಸುದನಿಯ ಅಗತ್ಯ ಇರಲಿಲ್ಲ. "ನಾನು ಹೇಳ್ಲಿಲ್ವಾ? ಗುಜರಿಯವನು ಬಾಗ್ಲಲ್ಲೇ ಅವ್ನೆ ಕಣಪ್ಪ, ಕೊಟ್ಟು ಕಳಿಸ್ಬುಡು."

ಅಪ್ಪ ಗಿಟಾರನ್ನು ನೋಡಿದರು, ನನ್ನನ್ನು ನೋಡಿದರು. "ನಿಲ್ಸಿದ್ದು ಯಾರು?" ಎಂದು ಕೇಳಿದರು.

ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅತ್ತೆಗೆ ಅರ್ಥವಾಯಿತು, ಎದೆಯುಬ್ಬಿಸಿ ಉತ್ತರ ಕೊಟ್ಟರು. "ನಾನೇ ಕಣಪ್ಪ. ನೀನು ಮಲಗಿದ್ದೆ, ಇವಳು ಗುಂಯ್ ಗುಂಯ್ ಅನ್ನಿಸ್ತಿದ್ಲು. ನಿಲ್ಸೇ ಅಂದೆ."

"ಅದಕ್ಕೇ ಎಚ್ಚರ ಆಯ್ತು" ಅಂದರು ಅಪ್ಪ.

"ಹೂಂ ಮತ್ತೆ, ಅದೇ ಹೇಳಿದ್ದು, ಇವಳ ಸದ್ದಿಗೆ..."

"ಸದ್ದಿಗಲ್ಲ ಅಕ್ಕ. ನಿಂತಿದ್ದಕ್ಕೆ." ಅಪ್ಪ ಬಾಗಿಲ ಪಕ್ಕದ ಗೋಡೆಗೆ ತಲೆ ಆನಿಸಿ ಆಕಳಿಸಿದರು. "ರಾತ್ರಿಯೆಲ್ಲ ಮಿಷನ್ ಮುಂದೆ ನಿಂತಿರ್ತೀನಿ. ಅದು ಒಂದೇ ಸಮ ಓಡ್ತಿದ್ರೆ ನಿಂತ್ಕೊಂಡೇ ತೂಕಡಿಸಬೋದು, ಏನೂ ಆಗಲ್ಲ. ಸದ್ದು ನಿಂತ್ರೆ ಮಾತ್ರ ಎದೆ ಧಸಕ್ ಅನ್ನುತ್ತೆ. ಎಲ್ಲಿ ಏನು ಮುರೀತೋ, ಯಾರ ಕೈ ಹೋಯ್ತೋ ಅಂತ. ಮನೆಗೆ ಬಂದು ಮಲಗಿದ್ರೂ ಅಷ್ಟೇ. ಇಷ್ಟು ವರ್ಷ ಈ ಮನೇಲಿ ಎಲ್ರೂ ಉಸಿರು ಬಿಗಿಹಿಡ್ಕೊಂಡು ಓಡಾಡ್ತಾರೆ, ನನಗೆ ಸರಿಯಾಗಿ ಕಣ್ಣು ಹತ್ತಿದ್ದೇ ಕಮ್ಮಿ."

ನೀರಿನ ಕೊಡ ಹೊತ್ತು ಬಂದಿದ್ದ ಅಮ್ಮ ಹೊಸಿಲ ಮೇಲೇ ನಿಂತುಬಿಟ್ಟಳು. ಗೇಟಿನ ಚಿಲಕಕ್ಕೆ ಬಟ್ಟೆ ಸುತ್ತಿದವಳು ಅವಳು. ವಿಷಲ್ ಇಲ್ಲದ ಕುಕ್ಕರಿನಲ್ಲಿ ಬೇಳೆ ಬೇಯಿಸಿದವಳು ಅವಳು. "ಅದನ್ನ ಮೊದಲೇ ಹೇಳೋಕೆ ನಿಮಗೇನಾಗಿತ್ತು ರೀ?" ಅಂದಳು. ಆ ಒಂದು ಮಾತಿನಲ್ಲಿ ಬಹಳ ವರ್ಷದ ಒಗ್ಗರಣೆ ಇತ್ತು.

ಅಪ್ಪ "ನೀವೆಲ್ಲ ಅಷ್ಟು ಕಷ್ಟಪಟ್ಟು ಸುಮ್ನಿರ್ತಿದ್ರಿ. ಹೆಂಗೆ ಹೇಳೋದು?" ಎಂದು ತಲೆ ಕೆರೆದುಕೊಂಡರು. ಆಮೇಲೆ ಗೇಟಿನ ಕಡೆ ತಿರುಗಿ, ತಕ್ಕಡಿ ಹಿಡಿದು ನಿಂತಿದ್ದ ಗುಜರಿಯವನನ್ನು ನೋಡಿ, "ಅಕ್ಕ, ಇವನನ್ನ ಕರೆದಿದ್ದೀಯಲ್ಲ, ಕೊಡ್ಲಿಕ್ಕೆ ಊರಿಂದ ಏನಾದ್ರೂ ತಂದಿದ್ದೀಯ?" ಎಂದು ಕೇಳಿದರು. ಅತ್ತೆ ಸೆರಗು ಕೊಡವಿಕೊಂಡು ಅಡುಗೆಮನೆಗೆ ಹೋದರು. ಪಾಪ, ಅವನೂ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದ. ಅಮ್ಮ ಎರಡು ಖಾಲಿ ಬಾಟಲಿ ಕೊಟ್ಟು ಕಳಿಸಿದಳು.

ಅಪ್ಪ ಹೋಗಿ ಚಾಪೆ ಮೇಲೆ ಬಿದ್ದುಕೊಂಡು ದುಪ್ಪಟಿ ಎಳೆದುಕೊಂಡರು. ಒಳಗಿನಿಂದ "ಬಾರ್ಸು" ಅಂದರು.

ಇಷ್ಟು ದಿನ ಯಾರೂ ಕೇಳಬಾರದು ಎಂದು ನುಡಿಸಿದವಳಿಗೆ ಈಗ ಮೂರು ಜನ ಕೇಳುತ್ತಾರೆ ಅನ್ನುವುದೇ ಗಾಬರಿ. ಅದರಲ್ಲೂ ಅತ್ತೆಯ ಆ ಕಿವಿ. ನನಗೆ ಬರುತ್ತಿದ್ದುದರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಒಂದು ಕೋಲಾಟದ ಪದ. ಹೆಬ್ಬೆರಳು ಅದರಲ್ಲಿ ಬಹಳ ಸೊಗಸಾಗಿ ನಡೆಯುತ್ತಿತ್ತು. ಅತ್ತೆಗೂ ಗೊತ್ತಾಗಲಿ ನಾನು ಏನು ಅಂತ, ಎಂಬ ಸೊಕ್ಕೂ ಸ್ವಲ್ಪ ಸೇರಿಕೊಂಡಿತು. ಅದನ್ನೇ ಶುರು ಮಾಡಿದೆ.

ನಾಲ್ಕು ಸ್ವರ ಆಗಿತ್ತೋ ಇಲ್ಲವೋ, ದುಪ್ಪಟಿಯೊಳಗಿಂದ ಅಪ್ಪನ ದನಿ ಬಂತು.

"ಅದು ಬೇಡ ಪುಟ್ಟ."

"ಯಾಕಪ್ಪ?"

"ಅದರಲ್ಲಿ ನಡುವೆ ಒಂದು ಕಡೆ ಎಡವಿ ನಿಂತುಬಿಡ್ತೀಯ. ದಿನಾ ಅಲ್ಲೇ ನಿಲ್ತೀಯ. ದಿನಾ ನನಗೆ ಅಲ್ಲೇ ಎಚ್ಚರ ಆಗುತ್ತೆ."

ಅವರು ಯಾವ ಜಾಗ ಹೇಳುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಡಗೈಯ ಕಿರುಬೆರಳು ಎಟುಕದ ಜಾಗ ಅದು. ದಿನಾ ಅಂದರು ಅಪ್ಪ. ಹಾಗಾದರೆ ಮಳೆಗಾಲದಿಂದ ಈಚೆಗೆ ಎಷ್ಟು ಬೆಳಿಗ್ಗೆ ನನ್ನ ಗಿಟಾರಿನಿಂದ ಅವರಿಗೆ ನಿದ್ದೆ ಹರಿದಿದೆ, ಎಷ್ಟು ಸಲ ಕಣ್ಣು ತೆರೆದುಕೊಂಡು ಮಲಗಿ, ಮಗ್ಗುಲು ಬದಲಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ದುಪ್ಪಟಿ ಎಳೆದುಕೊಂಡಿದ್ದಾರೆ! ಒಂದು ಮಾತು ಆಡಿದರೆ ಆಡಿದ್ದೇ ಅನ್ನುವ ಮನುಷ್ಯ. ನನಗೆ ಅಳು ನುಗ್ಗಿಕೊಂಡು ಬಂತು. ಅಳುತ್ತ ಕೂತರೆ ಸದ್ದು ನಿಂತುಹೋಗುತ್ತದೆ. ಮೂಗು ಸೊರಸೊರ ಅನ್ನಿಸುತ್ತ, ಎಡವದೆ ಕೊನೆಯವರೆಗೂ ಬರುತ್ತಿದ್ದ ಬೇರೊಂದನ್ನು ಶುರು ಮಾಡಿದೆ.